ಮನೆಯ ವೀಡಿಯೊ ಕೆಡುವುದೇಕೆ?

ಮದುವೆಯಾಗಲಿ, ನಾಮಕರಣವಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಇಂದು ವೀಡಿಯೊ ತೆಗೆಯದ ಸಮಾರಂಭವೇ ಇಲ್ಲ. ಜೇಬಿನಲ್ಲಿರುವ ಮೊಬೈಲ್ ಫೋನೇ ಕ್ಯಾಮರ. ಮನೆಯ ಮೇಜಿನ ಮೇಲಿರುವ ಕಂಪ್ಯೂಟರೇ ಸಂಕಲನದ ಕೊಠಡಿ. ತುಣುಕುಗಳನ್ನು ಕತ್ತರಿಸಿ, ಜೋಡಿಸಿ, ಹೆಸರು ಬರೆದು, ಹಾಡು ಸೇರಿಸಿ, ಕೊನೆಗೆ ‘ರೆಂಡರ್’ ಎಂಬ ಗುಂಡಿಯನ್ನು ಒತ್ತಿದರಾಯಿತು. ಸ್ವಲ್ಪ ಹೊತ್ತಿನಲ್ಲಿ ಚಿತ್ರ ಸಿದ್ಧ. ಆದರೆ ಹೀಗೆ ಸಿದ್ಧವಾದ ಚಿತ್ರವನ್ನು ತೆರೆಯ ಮೇಲೆ ನೋಡಿದಾಗ ಅನೇಕರಿಗೆ ನಿರಾಶೆಯಾಗುವುದುಂಟು. ಚಲಿಸುವ ವಸ್ತುಗಳ ಅಂಚು ಹರಿದಂತೆ ಕಾಣುತ್ತದೆ. ನೀರು ಚೌಕಚೌಕವಾಗಿ ಒಡೆಯುತ್ತದೆ. ದೀಪದ ಕೆಳಗೆ ಪಟ್ಟೆಗಳು ತೆವಳುತ್ತವೆ. ತುಟಿ ಒಂದು ಹೇಳಿದರೆ ಧ್ವನಿ ಇನ್ನೊಂದು ಹೇಳುತ್ತದೆ. ‘ಕಂಪ್ಯೂಟರಿಗೆ ಏನೋ ಆಗಿದೆ’ ಎಂದು ಸುಮ್ಮನಾಗುವವರೇ ಹೆಚ್ಚು.

ಆದರೆ ಕಾರಣವಿಲ್ಲದೆ ಯಾವ ದೋಷವೂ ಹುಟ್ಟುವುದಿಲ್ಲ. ಪ್ರತಿಯೊಂದು ದೋಷವೂ ತನ್ನ ಕಾರಣದ ಗುರುತನ್ನು ಚಿತ್ರದ ಮೇಲೆಯೇ ಬಿಟ್ಟಿರುತ್ತದೆ. ಆ ಗುರುತನ್ನು ಓದುವುದಕ್ಕೆ ಪ್ರೌಢಶಾಲೆಯ ಗಣಿತ ಹಾಗೂ ಭೌತವಿಜ್ಞಾನಗಳೇ ಬಹಳಮಟ್ಟಿಗೆ ಸಾಕು. ನನಗೆ ಈ ಪಾಠ ಕಲಿಸಿದ ಒಂದು ಪ್ರಸಂಗವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಷಯವನ್ನು ವಿವರಿಸುತ್ತೇನೆ.

ಭದ್ರಾವತಿಯ ಕ್ಯಾಸೆಟ್ಟು

ನನ್ನ ಸೋದರಮಾವ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ನಕ್ಷೆಗಳ ವಿಭಾಗದಲ್ಲಿದ್ದವರು. 1996ರಲ್ಲಿ ಅವರು ಮನೆ ಕಟ್ಟಿಸಿದಾಗ ಗೃಹಪ್ರವೇಶದ ವೀಡಿಯೊ ತೆಗೆಸಿದ್ದರು. ಅದರಲ್ಲಿ ಸುಮಾರು ಮೂರು ನಿಮಿಷ ನಮ್ಮ ಅಜ್ಜಿ ಇದ್ದಾಳೆ. ಹಾಲುಕ್ಕಿದೊಡನೆ ನಕ್ಕು, ಸುತ್ತಲಿದ್ದವರ ಕೈಗೆಲ್ಲ ಸಕ್ಕರೆ ಹಾಕುತ್ತಾಳೆ. ಎರಡು ವರ್ಷದಲ್ಲಿ ಆಕೆ ತೀರಿಕೊಂಡಳು. ಆಕೆ ನಡೆದಾಡಿ ಮಾತನಾಡುವ ಚಿತ್ರ ನಮ್ಮ ವಂಶದಲ್ಲಿ ಬೇರೆಲ್ಲಿಯೂ ಇಲ್ಲ.

ಮಾವನಿಗೆ ಸಹಸ್ರಚಂದ್ರದರ್ಶನದ ಶಾಂತಿ ನಿಶ್ಚಯವಾಯಿತು. (ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಸಾವಿರ ಹುಣ್ಣಿಮೆಗೆ ಸುಮಾರು 80 ವರ್ಷ 10 ತಿಂಗಳು ಬೇಕೆಂಬುದನ್ನು ಓದುಗರು ತಾವೇ ಲೆಕ್ಕ ಹಾಕಬಹುದು.) ಅಂದು ತೋರಿಸಲು ಒಂದು ಚಿತ್ರವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಮಲೆನಾಡಿನ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ಟೇಪು ಬೂಷ್ಟು ಹಿಡಿದಿತ್ತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಅದನ್ನು ಜೋಪಾನವಾಗಿ ಒರೆಸಿ, ಒಂದು ಸಲ ಓಡಿಸಿ, ಕಂಪ್ಯೂಟರಿನ ಫೈಲಾಗಿ ಮಾಡಿಕೊಟ್ಟರು. “ಇನ್ನೊಂದು ಸಲ ಓಡಿಸಿದರೆ ಟೇಪು ಉಳಿಯುವುದಿಲ್ಲ ಸಾರ್” ಎಂದೂ ಹೇಳಿದರು. ಈ ಫೈಲಿನ ಜೊತೆಗೆ ನನ್ನ ಫೋನಿನಲ್ಲಿ ತೆಗೆದ ತುಣುಕುಗಳು: ಮಳೆಗಾಲದ ಜೋಗ, ಕೂಡಲಿಯ ಸಂಗಮ, ಮಾವನ ಮನೆಯ ಮಾತುಕತೆ. ಎಲ್ಲವನ್ನೂ ಜೋಡಿಸಿ ರೆಂಡರ್ ಮಾಡಿದೆ. ಮೇಲೆ ಹೇಳಿದ ದೋಷಗಳೆಲ್ಲವೂ ಆ ಒಂದೇ ಚಿತ್ರದಲ್ಲಿ ಮೂಡಿದುವು!

ದೋಷ ಎಲ್ಲಿದೆ?

ವೈದ್ಯನು ಮೊದಲು ನೋವು ಎಲ್ಲಿದೆ ಎಂದು ಕೇಳುತ್ತಾನೆ. ಔಷಧದ ಮಾತು ಆಮೇಲೆ. ಇಲ್ಲಿಯೂ ಕ್ರಮ ಅದೇ.

ಸಂಕಲನ ಮಾಡುವಾಗ ನಾವು ಮೂಲಚಿತ್ರವನ್ನು ನಿಜವಾಗಿ ಕತ್ತರಿಸುವುದಿಲ್ಲ. ‘ಇಲ್ಲಿಂದ ಇಲ್ಲಿಯವರೆಗೆ ತೋರಿಸು, ಇಲ್ಲಿ ಬಣ್ಣ ಹೆಚ್ಚಿಸು’ ಎಂಬ ಸೂಚನೆಗಳನ್ನಷ್ಟೇ ಬರೆಯುತ್ತೇವೆ. ರೆಂಡರ್ ಮಾಡುವುದೆಂದರೆ ಆ ಸೂಚನೆಗಳಂತೆ ಒಂದೊಂದು ಫ್ರೇಮನ್ನೂ ಹೊಸದಾಗಿ ಲೆಕ್ಕ ಹಾಕಿ, ಸಂಕೋಚಿಸಿ, ಹೊಸ ಫೈಲಿನಲ್ಲಿ ಬರೆಯುವುದು. ಅಡಿಗೆಯ ಕ್ರಮ ಬರೆದ ಚೀಟಿಗೂ ಬೆಂದ ಅಡಿಗೆಗೂ ಇರುವ ಅಂತರವೇ ಇವೆರಡಕ್ಕೂ ಇದೆ. ಆದುದರಿಂದ ದೋಷವು ನಾಲ್ಕು ಕಡೆಗಳಲ್ಲಿ ಎಲ್ಲಿಯಾದರೂ ಹುಟ್ಟಿರಬಹುದು: ಮೂಲದ ತುಣುಕು, ಸಂಕಲನದ ಸೂಚನೆ, ರೆಂಡರಿನ ಲೆಕ್ಕ, ಕೊನೆಗೆ ಚಿತ್ರವನ್ನು ತೋರಿಸುವ ಯಂತ್ರ.

ಇವುಗಳನ್ನು ಬೇರ್ಪಡಿಸಲು ಮೂರು ಸುಲಭ ಪರೀಕ್ಷೆಗಳಿವೆ.

ಒಂದು: ಸಿದ್ಧವಾದ ಫೈಲನ್ನು ಬೇರೊಂದು ಯಂತ್ರದಲ್ಲಿ ನೋಡುವುದು. ಅಲ್ಲಿ ಸರಿಯಾಗಿ ಕಂಡರೆ ತಪ್ಪು ತೋರಿಸುವ ಯಂತ್ರದ್ದು, ಚಿತ್ರಕ್ಕೆ ಕೈಹಚ್ಚಬೇಕಾಗಿಲ್ಲ.

ಎರಡು: ದೋಷ ಕಂಡ ಕ್ಷಣವನ್ನು ಮೂಲದ ತುಣುಕಿನಲ್ಲಿ ಹುಡುಕಿ ನೋಡುವುದು. ಅಲ್ಲಿಯೂ ಇದ್ದರೆ ರೆಂಡರನ್ನು ದೂರಿ ಫಲವಿಲ್ಲ.

ಮೂರು: ಏನನ್ನೂ ಬದಲಾಯಿಸದೆ ಇನ್ನೊಮ್ಮೆ ರೆಂಡರ್ ಮಾಡುವುದು. ದೋಷವು ಅದೇ ಜಾಗದಲ್ಲಿ ಮತ್ತೆ ಬಂದರೆ ಕಾರಣ ತುಣುಕಿನಲ್ಲಿಯೋ ಸೂಚನೆಯಲ್ಲಿಯೋ ಇರುವ ಸಂಭವ ಹೆಚ್ಚು. ಪ್ರತಿಸಲವೂ ಬೇರೆಬೇರೆ ಜಾಗದಲ್ಲಿ ಬಂದರೆ ಯಂತ್ರವನ್ನೇ ಶಂಕಿಸಬೇಕು: ಅತಿಯಾದ ಬಿಸಿ, ಕೆಟ್ಟ ಮೆಮೊರಿ, ಹಳೆಯದಾದ ಗ್ರಾಫಿಕ್ಸ್ ಡ್ರೈವರ್. ಇಂಥ ಸಂದರ್ಭದಲ್ಲಿ ಗ್ರಾಫಿಕ್ಸ್ ಚಿಪ್ಪಿನ ಸಹಾಯವನ್ನು ತಪ್ಪಿಸಿ, ಮುಖ್ಯ ಪ್ರೊಸೆಸರಿನಿಂದಲೇ ರೆಂಡರ್ ಮಾಡಿ ನೋಡಬೇಕು. ನಿಧಾನವಾದರೂ ಸತ್ಯ ತಿಳಿಯುತ್ತದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕೆಂಬುದು ಪ್ರಯೋಗಶಾಲೆಯ ಮೊದಲ ನಿಯಮ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ದೋಷ ಹೋದರೆ ಚಿತ್ರ ಸರಿಹೋದೀತು, ಆದರೆ ನಮಗೆ ತಿಳಿವು ಬರಲಿಲ್ಲ. ಇಡೀ ಚಿತ್ರವನ್ನು ಪ್ರತಿಸಲ ರೆಂಡರ್ ಮಾಡುವುದೂ ಬೇಡ. ದೋಷವಿರುವ ಹತ್ತು ಸೆಕೆಂಡು ಸಾಕು.

ಬಾಚಣಿಗೆಯ ಹಲ್ಲುಗಳು

ನನ್ನ ಚಿತ್ರದ ಅತ್ಯಂತ ನೋವಿನ ದೋಷ ಅಜ್ಜಿಯ ಕೈಯಲ್ಲಿತ್ತು. ಆಕೆ ಕೈ ಚಾಚಿದಾಗಲೆಲ್ಲ ಬೆರಳುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತಿತ್ತು. ಕೈ ನಿಂತಾಗ ಹಲ್ಲುಗಳು ಮಾಯ.

‘ಚಲಿಸುವಾಗ ಮಾತ್ರ’ ಎಂಬುದೇ ಇಲ್ಲಿಯ ಗುರುತು. ನಮ್ಮ ದೇಶದ ಹಳೆಯ ದೂರದರ್ಶನ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ ಕಣ್ಣಿಗೆ ಕಾಣುವಂಥವು 576. ಸೆಕೆಂಡಿಗೆ 25 ಫ್ರೇಮು. ಆದರೆ ಸೆಕೆಂಡಿಗೆ 25 ಸಲ ಮಾತ್ರ ತೆರೆ ಬೆಳಗಿದರೆ ಕಣ್ಣಿಗೆ ಮಿಣುಕು ತಿಳಿಯುತ್ತದೆ. ಅದನ್ನು ತಪ್ಪಿಸಲು ಒಂದು ಉಪಾಯ ಮಾಡಿದರು. ಮೊದಲು 1, 3, 5 ಎಂಬ ಬೆಸಗೆರೆಗಳನ್ನು, ಸೆಕೆಂಡಿನ 1/50 ಭಾಗವಾದ ಮೇಲೆ 2, 4, 6 ಎಂಬ ಸಮಗೆರೆಗಳನ್ನು ಸೆರೆಹಿಡಿದು, ಅದೇ ಕ್ರಮದಲ್ಲಿ ತೋರಿಸಿದರು. ಹೀಗೆ ಸೆಕೆಂಡಿಗೆ 50 ‘ಅರೆಚಿತ್ರ’ಗಳಾದುವು. ಚಾಪೆಯ ಎಳೆಗಳಂತೆ ಎರಡು ಅರೆಚಿತ್ರಗಳನ್ನು ಹೆಣೆದರೆ ಒಂದು ಫ್ರೇಮು.

ಹಳೆಯ ಟೆಲಿವಿಷನ್ ಅವುಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿತ್ತು. ಕಂಪ್ಯೂಟರಿನ ತೆರೆಯಾದರೋ ಹೆಣೆದ ಎರಡನ್ನೂ ಒಟ್ಟಿಗೇ ತೋರಿಸುತ್ತದೆ. ಅಜ್ಜಿಯ ಕೈ ಒಂದು ಸೆಕೆಂಡಿನಲ್ಲಿ ಚಿತ್ರದ ಅರ್ಧ ಅಗಲವನ್ನು ದಾಟಿತೆಂದುಕೊಳ್ಳೋಣ. ಚಿತ್ರದ ಅಗಲ 720 ಪಿಕ್ಸೆಲ್, ಅರ್ಧ 360. 1/50 ಸೆಕೆಂಡಿನಲ್ಲಿ ಕೈ ಸರಿದ ದೂರ 360 ÷ 50 = 7.2 ಪಿಕ್ಸೆಲ್. ಅಂದರೆ ಸಮಗೆರೆಗಳಲ್ಲಿರುವ ಕೈ ಬೆಸಗೆರೆಗಳಲ್ಲಿರುವ ಕೈಗಿಂತ 7 ಪಿಕ್ಸೆಲ್ ಮುಂದಿದೆ. ಆ 7 ಪಿಕ್ಸೆಲ್ಲೇ ಹಲ್ಲಿನ ಉದ್ದ! ನಾವು ದೋಷವೆಂದು ಕರೆದದ್ದು ನಿಜವಾಗಿ ಎರಡು ಕ್ಷಣಗಳ ಸತ್ಯ.

ಇದಕ್ಕೆ ಪರಿಹಾರವೆಂದರೆ ಹೆಣಿಗೆಯನ್ನು ಬಿಚ್ಚುವುದು. ಅರೆಚಿತ್ರಗಳನ್ನು ಬೇರೆ ಮಾಡಿ, ಪ್ರತಿಯೊಂದರಲ್ಲಿಯೂ ಇಲ್ಲದ ಗೆರೆಗಳನ್ನು ಮೇಲಿನ ಮತ್ತು ಕೆಳಗಿನ ಗೆರೆಗಳಿಂದಲೂ, ಚಲನೆಯಿಲ್ಲದ ಕಡೆ ಪಕ್ಕದ ಅರೆಚಿತ್ರದಿಂದಲೂ ತುಂಬಿದರೆ ಸೆಕೆಂಡಿಗೆ 50 ಪೂರ್ಣ ಫ್ರೇಮುಗಳು ದೊರೆಯುತ್ತವೆ. ಕೆಲವು ತಂತ್ರಾಂಶಗಳು ಒಂದು ಅರೆಚಿತ್ರವನ್ನು ಎಸೆದು ಇನ್ನೊಂದನ್ನೇ ಹಿಗ್ಗಿಸುತ್ತವೆ. ಹಲ್ಲು ಹೋಗುತ್ತದೆ, ಜೊತೆಗೆ ಅರ್ಧ ಮಾಹಿತಿಯೂ ಹೋಗುತ್ತದೆ. ಯಾವ ಅರೆಚಿತ್ರ ಮೊದಲಿನದೆಂದು ತಂತ್ರಾಂಶಕ್ಕೆ ತಪ್ಪಾಗಿ ತಿಳಿಸಿದರೆ ಕ್ಷಣಗಳು 2, 1, 4, 3 ಎಂದು ಬರುತ್ತವೆ. ಚಲಿಸುವವರು ಮೂರು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದೆ ಬಂದಂತೆ ನಡುಗುತ್ತಾರೆ. ಆಗ ಕ್ರಮವನ್ನು ತಿರುಗಿಸಿದರೆ ಸಾಕು.

ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಹೊಸ ಟೆಲಿವಿಷನ್ನಿಗೆ ಹೊಂದಲೆಂದು 576 ಗೆರೆಗಳ ಚಿತ್ರವನ್ನು ಮೊದಲೇ 1080 ಗೆರೆಗಳಿಗೆ ಹಿಗ್ಗಿಸಿಬಿಟ್ಟಿದ್ದೆ. ಹಿಗ್ಗಿಸುವಾಗ ಅಕ್ಕಪಕ್ಕದ ಗೆರೆಗಳನ್ನು ಬೆರೆಸಿ ಹೊಸ ಗೆರೆಗಳನ್ನು ಹುಟ್ಟಿಸಬೇಕಾಗುತ್ತದೆ. ಅಕ್ಕಪಕ್ಕದ ಗೆರೆಗಳೋ ಬೇರೆಬೇರೆ ಕ್ಷಣದವು. ಬೆರೆಸಿದ ಮೇಲೆ ಬೆಸ ಯಾವುದು, ಸಮ ಯಾವುದು? ಹಾಲು ನೀರು ಕೂಡಿದಂತಾಯಿತು. ಮೊದಲು ಹೆಣಿಗೆ ಬಿಚ್ಚಿ, ಆಮೇಲೆ ಹಿಗ್ಗಿಸಬೇಕಾಗಿತ್ತು. ಇಷ್ಟೇ ಅಲ್ಲ, ಜಾಗ ಉಳಿಸುವ ಆತುರದಲ್ಲಿ ಹಿಗ್ಗಿಸಿದ ಫೈಲನ್ನು ಮೂಲದ ಹೆಸರಿನಲ್ಲಿಯೇ ಬರೆದು, ಮೂಲವನ್ನೇ ಅಳಿಸಿದ್ದೆ. ಟೇಪು ಇನ್ನೊಮ್ಮೆ ಓಡುವಂತಿರಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಭದ್ರಾವತಿಗೆ ಹೋಗಿ, ತಲೆ ತಗ್ಗಿಸಿ ವಿಷಯ ತಿಳಿಸಿದೆ. ಮಾವ ಬೀರುವಿನಿಂದ ಒಂದು ಪೆನ್ ಡ್ರೈವ್ ತೆಗೆದು ಕೈಯಲ್ಲಿಟ್ಟರು. “ಅಂಗಡಿಯವನ ಹತ್ತಿರ ಆವತ್ತೇ ಒಂದು ಪ್ರತಿ ಮಾಡಿಸಿಕೊಂಡಿದ್ದೆ ಕಣಯ್ಯಾ. ನಮ್ಮ ಕಾರ್ಖಾನೆಯಲ್ಲಿ ಮೂಲ ನಕ್ಷೆ ಬೀರು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದುದು ನಕಲು. ಇಷ್ಟು ಓದಿದ್ದೀಯೆ, ಇದನ್ನು ಯಾರೂ ಹೇಳಿಕೊಡಲಿಲ್ಲವೇ?” ಎಂದರು. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದೇ.

ಜೋಗದ ಚೌಕಗಳು

ಜೋಗದಲ್ಲಿ ಶರಾವತಿ ನಾಲ್ಕು ಕವಲಾಗಿ 253 ಮೀಟರ್ ಕೆಳಗೆ ಧುಮುಕುತ್ತಾಳೆ. ಫೋನಿನಲ್ಲಿ ತೆಗೆದಾಗ ದೃಶ್ಯ ಭವ್ಯವಾಗಿತ್ತು. ರೆಂಡರ್ ಆದ ಮೇಲೆ ಬಂಡೆಗಳು ಸ್ಪಷ್ಟವಾಗಿಯೇ ಇದ್ದುವು. ನೀರು ಮಾತ್ರ ಪುಟ್ಟಪುಟ್ಟ ಚೌಕಗಳ ರಾಶಿಯಾಗಿ ಬೀಳುತ್ತಿತ್ತು.

ಕಾರಣ ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಒಂದು ಫ್ರೇಮಿನಲ್ಲಿ 1920 × 1080 = 20,73,600 ಪಿಕ್ಸೆಲ್‌ಗಳು. ಬಣ್ಣದ ವಿವರವನ್ನು ಕಣ್ಣು ಬೆಳಕಿನ ವಿವರದಷ್ಟು ಸೂಕ್ಷ್ಮವಾಗಿ ಗ್ರಹಿಸುವುದಿಲ್ಲವಾದುದರಿಂದ ಬಣ್ಣದ ಅಳತೆಗಳನ್ನು ವಿರಳವಾಗಿ ಇಡುತ್ತಾರೆ. ಹೀಗಾಗಿ ಪಿಕ್ಸೆಲ್ಲಿಗೆ ಸರಾಸರಿ ಒಂದೂವರೆ ಬೈಟ್ ಸಾಕು. ಆದರೂ ಸೆಕೆಂಡಿಗೆ 30 ಫ್ರೇಮಿನಂತೆ ಸುಮಾರು 93 ಮೆಗಾಬೈಟ್ ಆಯಿತು. ನಾನು ಫೈಲು ಚಿಕ್ಕದಾಗಲೆಂದು ಸೆಕೆಂಡಿಗೆ 4 ಮೆಗಾಬಿಟ್, ಎಂದರೆ ಅರ್ಧ ಮೆಗಾಬೈಟ್ ಮಾತ್ರ ಗೊತ್ತುಪಡಿಸಿದ್ದೆ. 186 ಪಾಲಿನಲ್ಲಿ ಒಂದು ಪಾಲು! ಮಿಕ್ಕದ್ದನ್ನು ಹೇಗೆ ಬಿಡುವುದು?

ಇಲ್ಲಿ ನಮ್ಮ ನಾಡಿನ ಒಬ್ಬ ವಿಜ್ಞಾನಿಯ ಹೆಸರನ್ನು ಹೇಳಬೇಕು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಅವರು ಆ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. 1917ರಲ್ಲಿ ಆ ಕಾಲೇಜು ಸ್ಥಾಪನೆಯಾಗಲು ಕಾರಣರಾದವರು ಸರ್ ಎಂ. ವಿಶ್ವೇಶ್ವರಯ್ಯನವರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬೀಜ ಬಿತ್ತಿದವರೂ ಅವರೇ. 1972ರಲ್ಲಿ ಅಹ್ಮದ್ ಅವರು ಚಿತ್ರಗಳನ್ನು ಸಂಕೋಚಿಸಲು ಕೊಸೈನ್ ತರಂಗಗಳನ್ನು ಬಳಸುವ ವಿಚಾರವನ್ನು ಮುಂದಿಟ್ಟು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೇಳಿದರು. ಸಹಾಯ ದೊರೆಯಲಿಲ್ಲ. ಅವರು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಸಿದ್ಧಪಡಿಸಿದ ಅವರ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಇಂದು ನಾವು ಫೋನಿನಲ್ಲಿ ತೆಗೆಯುವ ಸಾಮಾನ್ಯ ಫೋಟೊ ಮತ್ತು ವೀಡಿಯೊಗಳ ಹಿಂದೆ ಆ ವಿಧಾನವೋ ಅದರ ಸಮೀಪರೂಪವೋ ಕೆಲಸ ಮಾಡುತ್ತಿದೆ.

ವಿಧಾನದ ತಿರುಳು ಇಷ್ಟು. ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುವುದು. ಒಂದು ಚೌಕದ 64 ಬೆಳಕಿನ ಬೆಲೆಗಳನ್ನು 64 ಕೊಸೈನ್ ವಿನ್ಯಾಸಗಳ ಮೊತ್ತವಾಗಿ ಬರೆಯುವುದು. ತಂತಿಯ ನಾದವನ್ನು ಮೂಲಸ್ವರ, ಉಪಸ್ವರಗಳಾಗಿ ವಿಂಗಡಿಸುವುದಿಲ್ಲವೆ, ಹಾಗೆ. ಆಕಾಶ, ಗೋಡೆ, ಕೆನ್ನೆ ಇಂಥ ನುಣುಪಾದ ಭಾಗಗಳಲ್ಲಿ ನಿಧಾನವಾಗಿ ಏರಿಳಿಯುವ ಕೆಲವೇ ವಿನ್ಯಾಸಗಳಿಗೆ ಬೆಲೆ. ಬೇಗಬೇಗ ಏರಿಳಿಯುವವು ಹೆಚ್ಚುಕಡಿಮೆ ಸೊನ್ನೆ. ಆ ಸಣ್ಣ ಬೆಲೆಗಳನ್ನು ಬಿಟ್ಟುಬಿಟ್ಟರೆ ಕಣ್ಣಿಗೆ ತಿಳಿಯುವುದೇ ಇಲ್ಲ.

ಎರಡನೆಯ ಉಳಿತಾಯವೆಂದರೆ, ಪ್ರತಿಯೊಂದು ಫ್ರೇಮನ್ನೂ ಪೂರ್ತಿಯಾಗಿ ಬರೆಯದೆ ಹಿಂದಿನದಕ್ಕಿಂತ ಏನು ಬದಲಾಯಿತೆಂಬುದನ್ನು ಮಾತ್ರ ಬರೆಯುವುದು. ಬಂಡೆ ಅಲ್ಲೇ ಇದೆ. ‘ಹಿಂದಿನಂತೆಯೇ’ ಎಂದರೆ ಮುಗಿಯಿತು.

ಜಲಪಾತದಲ್ಲಿ ಈ ಎರಡು ಉಳಿತಾಯಗಳೂ ಸೋಲುತ್ತವೆ. ನೊರೆಯಲ್ಲಿ ನುಣುಪಿಲ್ಲ, ತುಂತುರಿನ ಒಂದು ಹನಿಯೂ ಮುಂದಿನ ಫ್ರೇಮಿನಲ್ಲಿ ಹಿಂದಿನ ಜಾಗದಲ್ಲಿಲ್ಲ. ಬರೆಯಬೇಕಾದ್ದು ಬೆಟ್ಟದಷ್ಟು, ಕೊಟ್ಟ ಜಾಗ ಅಂಗೈಯಷ್ಟು. ಬೇರೆ ದಾರಿಯಿಲ್ಲದೆ ಯಂತ್ರವು ಪ್ರತಿ ಚೌಕದಲ್ಲಿಯೂ ಒಂದೆರಡು ವಿನ್ಯಾಸಗಳನ್ನಷ್ಟೇ ಉಳಿಸಿಕೊಂಡಿತು. ಪಕ್ಕಪಕ್ಕದ ಚೌಕಗಳ ಅಂಚು ಕೂಡದೆ ಲೆಕ್ಕದ ಚೌಕಗಳೇ ಕಣ್ಣಿಗೆ ಬಿದ್ದುವು. ಬೀಳುವ ಮಳೆ, ಗಾಳಿಗೆ ಅಲುಗುವ ಅಡಕೆಯ ಗರಿ, ಮದುವೆಯಲ್ಲಿ ಎರಚುವ ಅಕ್ಷತೆ—ಇವೆಲ್ಲ ಇದೇ ಜಾತಿಯ ದೃಶ್ಯಗಳು.

ಪರಿಹಾರ ಸುಲಭ. ಒಂದೇ ಬಿಟ್‌ರೇಟನ್ನು ಗೊತ್ತುಪಡಿಸುವ ಬದಲು ಒಂದೇ ಗುಣಮಟ್ಟವನ್ನು ಗೊತ್ತುಪಡಿಸಬೇಕು. ಆಗ ಯಂತ್ರವು ಸುಮ್ಮನೆ ಕುಳಿತ ಮಾವನಿಗೆ ಕಡಿಮೆ, ಜೋಗಕ್ಕೆ ಹೆಚ್ಚು ಎಂದು ತಾನೇ ಹಂಚಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ರೆಂಡರ್ ಆದದ್ದನ್ನು ಮತ್ತೆ ಸಂಕಲಿಸಿ ಮತ್ತೆ ರೆಂಡರ್ ಮಾಡಬಾರದು. ಜೆರಾಕ್ಸಿನ ಜೆರಾಕ್ಸು ತೆಗೆದಂತೆ ಪ್ರತಿಸಲವೂ ನಷ್ಟ ಬೆಳೆಯುತ್ತದೆ.

ಮಂಡಿಯ ಲೆಕ್ಕ ಮತ್ತು ಹಸಿರು ಫ್ರೇಮು

ಬದಲಾವಣೆಯನ್ನು ಮಾತ್ರ ಬರೆಯುವ ಪದ್ಧತಿಯಿಂದ ಇನ್ನೊಂದು ದೋಷ ಹುಟ್ಟುತ್ತದೆ. ಶಿವಮೊಗ್ಗದ ಅಡಕೆ ಮಂಡಿಯೊಂದನ್ನು ನೆನೆಯಿರಿ. ತಿಂಗಳ ಮೊದಲ ದಿನ ಇದ್ದ ಮೂಟೆಗಳನ್ನೆಲ್ಲ ಎಣಿಸಿ ಬರೆಯುತ್ತಾರೆ. ಆಮೇಲೆ ದಿನದಿನದ ಆವಕ, ಜಾವಕ. ಐದನೆಯ ದಿನದ ಹಾಳೆ ಹರಿದುಹೋದರೆ ಆರು, ಏಳು, ಎಂಟನೆಯ ದಿನದ ಬಾಕಿಗಳೆಲ್ಲ ತಪ್ಪು. ಮತ್ತೆ ಮೂಟೆ ಎಣಿಸುವ ದಿನದವರೆಗೂ ಲೆಕ್ಕ ಸರಿಹೋಗದು. ವೀಡಿಯೊದಲ್ಲಿಯೂ ಆಗಾಗ ಒಂದೊಂದು ಪೂರ್ಣ ಫ್ರೇಮು, ನಡುವೆ ಬದಲಾವಣೆಯ ಫ್ರೇಮುಗಳು ಇರುತ್ತವೆ. ನಡುವಿನ ಒಂದು ಕೆಟ್ಟರೆ, ಅಥವಾ ಪೂರ್ಣ ಫ್ರೇಮನ್ನು ಹೊರಗೆ ಬಿಟ್ಟು ನಡುವಿನಿಂದ ಕತ್ತರಿಸಿದರೆ, ಮುಖಗಳು ಬೂದುಬಣ್ಣದ ಕೆಸರಿನಂತೆ ಕಲಸಿಕೊಂಡು ಮುಂದಿನ ಪೂರ್ಣ ಫ್ರೇಮು ಬಂದೊಡನೆ ಸರಿಯಾಗುತ್ತವೆ. ‘ತಾನಾಗಿಯೇ ಸರಿಹೋಯಿತು’ ಎಂಬುದೇ ಇದರ ಗುರುತು. ಕತ್ತರಿಯನ್ನು ಪೂರ್ಣ ಫ್ರೇಮಿನ ಬಳಿ ಹಾಕಬೇಕು. ಇಲ್ಲವೆ ಆ ತುಣುಕನ್ನು ಪೂರ್ತಿ ಹೊಸದಾಗಿ ಸಂಕೋಚಿಸಬೇಕು. ತುಣುಕೇ ಕೆಟ್ಟಿದ್ದರೆ ಫೋನಿನಿಂದ ಮತ್ತೊಮ್ಮೆ ನಕಲು ಮಾಡಿಕೊಳ್ಳಬೇಕು.

ಒಮ್ಮೊಮ್ಮೆ ಇಡೀ ಫ್ರೇಮು ಹಸಿರಾಗಿ ಮಿಂಚುವುದುಂಟು. ಕಪ್ಪಾಗದೆ ಹಸಿರಾಗುವುದೇಕೆ? ವೀಡಿಯೊದಲ್ಲಿ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂದು ಬರೆದಿರುವುದಿಲ್ಲ; ಒಂದು ಬೆಳಕಿನ ಅಳತೆ, ಎರಡು ಬಣ್ಣದ ಅಳತೆಗಳು ಇರುತ್ತವೆ. ಬಣ್ಣದ ಅಳತೆಗಳಿಗೆ 128 ಎಂಬುದು ತಟಸ್ಥ ಸ್ಥಾನ. ಲೆಕ್ಕ ನಡೆಯದೆ ಮೂರೂ ಸೊನ್ನೆಯಾಗಿಯೇ ಉಳಿದರೆ ಬಣ್ಣಗಳು ತಟಸ್ಥಕ್ಕಿಂತ 128 ಕೆಳಗಿರುತ್ತವೆ. ಸೂತ್ರಕ್ಕೆ ಹಾಕಿ ನೋಡಿ: ಹಸಿರು = 0 + 0.344 × 128 + 0.714 × 128, ಅಂದರೆ ಸುಮಾರು 135. ಕೆಂಪು ಮತ್ತು ನೀಲಿ ಸೊನ್ನೆಗಿಂತ ಕೆಳಗಿಳಿಯುವುದರಿಂದ ಸೊನ್ನೆ. ಉಳಿದದ್ದು ಹಸಿರು! ಆದುದರಿಂದ ಹಸಿರು ಫ್ರೇಮೆಂದರೆ ‘ಇಲ್ಲಿ ಏನನ್ನೂ ಬರೆದಿಲ್ಲ’ ಎಂಬ ಯಂತ್ರದ ಒಪ್ಪಿಗೆ. ಗ್ರಾಫಿಕ್ಸ್ ಚಿಪ್ಪು ಅಥವಾ ಅದರ ಡ್ರೈವರನ್ನು ಮೊದಲು ಶಂಕಿಸಬೇಕು. ಚಿತ್ರದ ಕೆಳ ಅಂಚಿನಲ್ಲಿ ಮಾತ್ರ ತೆಳು ಹಸಿರು ಪಟ್ಟಿ ಕಂಡರೆ ಕಾರಣ ಬೇರೆ. ಸಂಕೋಚನದ ದೊಡ್ಡ ಚೌಕ 16 ಗೆರೆಗಳದು. 1080ನ್ನು 16ರಿಂದ ಭಾಗಿಸಿದರೆ 67.5. ಚೌಕ ಅರ್ಧವಾಗಲಾರದಾದುದರಿಂದ ಯಂತ್ರ 1088 ಗೆರೆಗಳನ್ನು ಬರೆದು ಕೊನೆಯ 8ನ್ನು ಮರೆಮಾಡಬೇಕು. ಮರೆಮಾಡಲು ಮರೆತಾಗ ಖಾಲಿ ಗೆರೆಗಳು ಹಸಿರಾಗಿ ಇಣುಕುತ್ತವೆ.

ದೀಪದ ಕೆಳಗಿನ ಪಟ್ಟೆಗಳು

ಮಾವನ ನಡುಮನೆಯ ಟ್ಯೂಬ್ ಲೈಟಿನ ಕೆಳಗೆ ತೆಗೆದ ತುಣುಕಿನಲ್ಲಿ ಕಪ್ಪು ಪಟ್ಟೆಗಳು ತೆವಳುತ್ತಿದ್ದುವು. ಎರಡನೆಯ ಪರೀಕ್ಷೆ ಇಲ್ಲಿ ನೆರವಾಯಿತು. ಮೂಲದಲ್ಲಿಯೂ ಪಟ್ಟೆಗಳಿದ್ದುವು. ಆದುದರಿಂದ ಇದು ರೆಂಡರಿನ ದೋಷವಲ್ಲ.

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಒಂದು ಆವರ್ತದಲ್ಲಿ ಪ್ರವಾಹ ಎರಡು ಸಲ ಶಿಖರಕ್ಕೇರುವುದರಿಂದ ಚೋಕ್ ಇರುವ ಹಳೆಯ ಟ್ಯೂಬ್ ಲೈಟು ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತದೆ. ಫೋನಿನ ಕ್ಯಾಮರ ಗೆರೆಗಳನ್ನು ಒಂದಾದ ಮೇಲೊಂದರಂತೆ ಓದುತ್ತದೆ. ದೀಪ ಹೊಳೆದಾಗ ಓದಿದ ಗೆರೆಗಳು ಬೆಳಕು, ಮಂಕಾದಾಗ ಓದಿದವು ಕಪ್ಪು. ಪಟ್ಟೆ ಮೂಡಿತು. ಸೆಕೆಂಡಿಗೆ 30 ಫ್ರೇಮಾದರೆ ಒಂದು ಫ್ರೇಮಿನ ಅವಧಿಯಲ್ಲಿ 100 ÷ 30, ಎಂದರೆ ಮೂರೂ ಮೂರನೆಯ ಒಂದು ಮಿನುಗು. ಆ ಹೆಚ್ಚಿನ ಮೂರನೆಯ ಒಂದು ಭಾಗದಿಂದ ಪಟ್ಟೆ ಪ್ರತಿ ಫ್ರೇಮಿನಲ್ಲಿಯೂ ಸರಿದು, ಮೂರು ಫ್ರೇಮಿಗೊಮ್ಮೆ ಮೊದಲ ಜಾಗಕ್ಕೆ ಬರುತ್ತದೆ. 25 ಫ್ರೇಮಾದರೆ ಭಾಗಲಬ್ಧ ಸರಿಯಾಗಿ 4. ಪಟ್ಟೆ ನಿಂತಲ್ಲೇ ನಿಲ್ಲುತ್ತದೆ.

ಗೆರೆಯೊಂದು ಬೆಳಕಿಗೆ ತೆರೆದಿರುವ ಅವಧಿ 1/100 ಅಥವಾ 1/50 ಸೆಕೆಂಡಾದರೆ ಅದರೊಳಗೆ ಒಂದೋ ಎರಡೋ ಪೂರ್ಣ ಮಿನುಗುಗಳು ಅಡಗುತ್ತವೆ. ಎಲ್ಲ ಗೆರೆಗಳಿಗೂ ಸಮಪಾಲು ಬೆಳಕು, ಪಟ್ಟೆಯಿಲ್ಲ. ಕ್ಯಾಮರದಲ್ಲಿ 50 ಹರ್ಟ್ಸ್ ಎಂಬ ಆಯ್ಕೆ ಇರುವುದು ಇದಕ್ಕೇ. ಆಗಲೇ ತೆಗೆದುಬಿಟ್ಟ ಚಿತ್ರಕ್ಕೆ ಪಕ್ಕಪಕ್ಕದ ಮೂರು ಫ್ರೇಮುಗಳ ಸರಾಸರಿ ತೆಗೆದರೆ ಅಲುಗದ ಭಾಗಗಳಲ್ಲಿ ಪಟ್ಟೆ ಅಳಿಯುತ್ತದೆ. ಮೂರೇ ಏಕೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟವಾಗಿದೆ.

ತುಟಿ ಮುಂದೆ, ಮಾತು ಹಿಂದೆ

ಮಾವ ಹಳೆಯ ಕಾರ್ಖಾನೆಯ ಕಥೆ ಹೇಳತೊಡಗಿದಾಗ ತುಟಿಗೂ ಮಾತಿಗೂ ಹೊಂದಿಕೆಯಿತ್ತು. ಮುಗಿಸುವ ಹೊತ್ತಿಗೆ ಇರಲಿಲ್ಲ. ಅಂತರವು ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಸಾಕು. ಬೆಳೆಯುತ್ತ ಹೋದರೆ ವೇಗದಲ್ಲಿಯೇ ತಪ್ಪಿದೆ ಎಂದರ್ಥ. ಮಂದ ಬೆಳಕಿನಲ್ಲಿ ಫೋನು ಹೆಚ್ಚು ಹೊತ್ತು ತೆರೆದಿರಬೇಕಾದುದರಿಂದ ಸೆಕೆಂಡಿಗೆ 30ಕ್ಕಿಂತ ಕಡಿಮೆ ಫ್ರೇಮು ತೆಗೆಯುವುದುಂಟು. ಪ್ರತಿ ಫ್ರೇಮಿಗೂ ಅದರ ಕಾಲವನ್ನು ಬರೆದೇ ಇಟ್ಟಿರುತ್ತದೆ. ಕೆಲವು ತಂತ್ರಾಂಶಗಳು ಅದನ್ನು ಓದದೆ ಫ್ರೇಮನ್ನು ಎಣಿಸುತ್ತವೆ. ಸರಾಸರಿ 29.5 ಫ್ರೇಮಾದರೆ ಒಂದು ಗಂಟೆಗೆ 1,06,200 ಫ್ರೇಮು. ಇವನ್ನು ಸೆಕೆಂಡಿಗೆ 30ರಂತೆ ಓಡಿಸಿದರೆ 3,540 ಸೆಕೆಂಡಿಗೆ ಮುಗಿಯುತ್ತವೆ. ಧ್ವನಿಗೆ ಮಾತ್ರ 3,600 ಸೆಕೆಂಡು ಬೇಕು. ಗಂಟೆಗೆ ಒಂದು ನಿಮಿಷದ ಅಂತರ! ಹನ್ನೆರಡೇ ಸೆಕೆಂಡಿನಲ್ಲಿ ಅಂತರವು ಸೆಕೆಂಡಿನ ಐದನೆಯ ಒಂದು ಭಾಗವಾಗುತ್ತದೆ. ಅದು ಎಂಥವರಿಗೂ ಹೊಳೆಯುತ್ತದೆ.

ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ತಮ್ಮತಮ್ಮ ವೇಗದಲ್ಲಿ ಹರಿದು ಕೂಡಲಿಯಲ್ಲಿ ಸೇರುತ್ತವೆ. ನದಿಗಳಿಗೆ ಅದು ಸಾಗೀತು. ಧ್ವನಿಗೂ ಚಿತ್ರಕ್ಕೂ ಒಂದೇ ಗಡಿಯಾರ ಬೇಕು. ಸಂಕಲನಕ್ಕೆ ಮೊದಲೇ ತುಣುಕನ್ನು ಸ್ಥಿರವೇಗಕ್ಕೆ ಪರಿವರ್ತಿಸಿಕೊಂಡರೆ ತೊಂದರೆ ಬಾರದು. ಬೇರೆಬೇರೆ ವೇಗದ ತುಣುಕುಗಳಿದ್ದರೆ ಯಾವುದಕ್ಕೆ ಮರ್ಯಾದೆ ಕೊಡಬೇಕೆಂದು ಮೊದಲೇ ನಿರ್ಧರಿಸಬೇಕು. ನಾನು ಸೆಕೆಂಡಿಗೆ 50 ಫ್ರೇಮನ್ನು ಆರಿಸಿದೆ. ಫೋನಿನ ಚಿತ್ರ ಅಲ್ಲಲ್ಲಿ ತುಸು ಎಡವಿದರೂ ಚಿಂತೆಯಿಲ್ಲ, ಅದನ್ನು ನಾಳೆ ಮತ್ತೆ ತೆಗೆಯಬಹುದು. ಅಜ್ಜಿಯ ಚಿತ್ರವನ್ನು ತೆಗೆಯಲಾಗದು.

ಕೆಲವು ಸಣ್ಣ ದೋಷಗಳು

ಚಿತ್ರ ತೊಳೆದಂತೆ ಬಿಳಿಚಿಕೊಂಡರೆ, ಅಥವಾ ನೆರಳೆಲ್ಲ ಮಸಿಯಾದರೆ: ವೀಡಿಯೊದಲ್ಲಿ ಸಾಮಾನ್ಯವಾಗಿ ಕಪ್ಪಿಗೆ 16, ಬಿಳಿಗೆ 235, ಕಂಪ್ಯೂಟರಿನಲ್ಲಿ 0 ಮತ್ತು 255. ಒಂದನ್ನು ಇನ್ನೊಂದೆಂದು ತಿಳಿದಾಗ ಈ ದೋಷ. ಸಂಕಲನ ಮತ್ತು ರೆಂಡರ್ ಎರಡರಲ್ಲಿಯೂ ಒಂದೇ ವ್ಯಾಪ್ತಿ ಇರುವಂತೆ ನೋಡಿಕೊಳ್ಳಬೇಕು.

ಸಂಜೆಯ ಆಕಾಶದಲ್ಲಿ ಮೆಟ್ಟಿಲುಗಳು ಕಂಡರೆ: ಬೆಳಕಿಗೆ 256 ಮಟ್ಟಗಳು ಮಾತ್ರ. 1920 ಪಿಕ್ಸೆಲ್ ಅಗಲದಲ್ಲಿ ಬೆಳಕು 20 ಮಟ್ಟ ಮಾತ್ರ ಏರಿದರೆ ಪ್ರತಿ ಮೆಟ್ಟಿಲು 96 ಪಿಕ್ಸೆಲ್ ಅಗಲ. ಕಣ್ಣಿಗೆ ಅಂಚು ಹೊಳೆಯುತ್ತದೆ. ಬಹಳ ಸಣ್ಣ ಕಾಳಿನಂಥ ಕಲಕನ್ನು ಚಿತ್ರಕ್ಕೆ ಬೆರೆಸಿದರೆ ಅಂಚು ಕರಗುತ್ತದೆ.

ಹಳೆಯ ಚಿತ್ರದ ಜನ ದಪ್ಪಗಾದರೆ: ಅದರ ಅಗಲ ಎತ್ತರಗಳ ಪ್ರಮಾಣ 4:3, ಹೊಸ ತೆರೆಯದು 16:9. ಎಳೆದು ತುಂಬಬಾರದು, ಎರಡು ಬದಿಯಲ್ಲಿ ಕಪ್ಪು ಬಿಟ್ಟು 1440 × 1080 ಅಳತೆಯಲ್ಲಿ ಕೂಡಿಸಬೇಕು.

ದೊಡ್ಡ ಫೈಲು ಪೆನ್ ಡ್ರೈವಿಗೆ ನಕಲಾಗದಿದ್ದರೆ: ಫ್ಯಾಟ್-32 ಎಂಬ ಪದ್ಧತಿಯಲ್ಲಿ 4 ಗಿಗಾಬೈಟ್ ಮೀರಿದ ಫೈಲಿಗೆ ಎಡೆಯಿಲ್ಲ. ಅದನ್ನು ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಾಯಿಸಬೇಕು. ಹಾಗೆ ಮಾಡಿದರೆ ಡ್ರೈವಿನಲ್ಲಿರುವುದೆಲ್ಲ ಅಳಿದುಹೋಗುತ್ತದೆ. ಮಾವನ ಮಾತು ಇಲ್ಲಿ ನೆನಪಿರಲಿ.

ಮುಕ್ತಾಯ

ಮಾವನ ಪ್ರತಿಯಿಂದ ಇನ್ನೊಂದು ನಕಲು ಮಾಡಿಕೊಂಡು, ಈ ಸಲ ಕ್ರಮ ತಪ್ಪದೆ ಹೆಣಿಗೆ ಬಿಚ್ಚಿ, ಹಿಗ್ಗಿಸಿ, ಜೋಡಿಸಿ ರೆಂಡರ್ ಮಾಡಿದೆ. ಶಾಂತಿಯ ದಿನ ಊಟವಾದ ಮೇಲೆ ನಡುಮನೆಯ ಗೋಡೆಯ ಮೇಲೆ ಚಿತ್ರ ತೋರಿಸಿದೆವು. ಚಿತ್ರದ ಕೆಳ ಅಂಚಿನಲ್ಲಿ ಟೇಪಿನ ಸ್ವಭಾವದಿಂದ ಬಂದ ನಾಲ್ಕಾರು ಸೊಟ್ಟ ಗೆರೆಗಳು ಉಳಿದಿದ್ದುವು. ಅವನ್ನು ಹಾಗೆಯೇ ಬಿಟ್ಟಿದ್ದೆ. ಅಜ್ಜಿ ನಕ್ಕಳು, ಕೈ ಚಾಚಿ ಸಕ್ಕರೆ ಹಂಚಿದಳು. ಬೆರಳುಗಳು ಹರಿಯಲಿಲ್ಲ. ಎಂಬತ್ತು ದಾಟಿದ ಮಾವ ತಮಗರಿವಿಲ್ಲದೆಯೇ ಅಂಗೈಯನ್ನು ಸ್ವಲ್ಪ ಮುಂದೆ ಚಾಚಿದ್ದನ್ನು ನಾನು ಕಂಡೆ.

ಅಭ್ಯಾಸಕ್ಕಾಗಿ

1. ಸೆಕೆಂಡಿಗೆ 60 ಫ್ರೇಮು ತೆಗೆಯುವ ಕ್ಯಾಮರದಲ್ಲಿ ಟ್ಯೂಬ್ ಲೈಟಿನ ಪಟ್ಟೆ ಎಷ್ಟು ಫ್ರೇಮಿಗೊಮ್ಮೆ ಮೊದಲ ಜಾಗಕ್ಕೆ ಬರುತ್ತದೆ?

2. ಸೆಕೆಂಡಿಗೆ 25 ಫ್ರೇಮಿನ ಚಿತ್ರವನ್ನು 30 ಫ್ರೇಮಿನ ಚಿತ್ರದೊಳಗೆ ಸೇರಿಸಿದರೆ ಒಂದು ಸೆಕೆಂಡಿನಲ್ಲಿ ಎಷ್ಟು ಫ್ರೇಮುಗಳು ಎರಡು ಸಲ ಕಾಣಬೇಕು? ಅದರಿಂದ ಚಲನೆ ಹೇಗೆ ಕಂಡೀತು?

3. ನಿಮ್ಮ ಫೋನಿನಿಂದ ಒಂದು ಗೋಡೆಯನ್ನೂ ಗಾಳಿಗೆ ಅಲುಗುವ ಒಂದು ಮರವನ್ನೂ ಹತ್ತುಹತ್ತು ಸೆಕೆಂಡು ಚಿತ್ರಿಸಿ. ಎರಡನ್ನೂ ಒಂದೇ ಗುಣಮಟ್ಟದಲ್ಲಿ ರೆಂಡರ್ ಮಾಡಿ ಫೈಲುಗಳ ಗಾತ್ರವನ್ನು ಹೋಲಿಸಿ. ವ್ಯತ್ಯಾಸಕ್ಕೆ ಕಾರಣವನ್ನು ನಿಮ್ಮ ಮಾತಿನಲ್ಲಿಯೇ ಬರೆಯಿರಿ.